ಚಿತ್ತದ ಏರಿಳಿತದ ಕಾಯಿಲೆಯೂ ಮನೆಯೊಳಗಿನ ಹೊಡೆತವೂ

(ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಆವರಣದಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣವೆಂದೊಡನೆ ಗರ್ಭಿಣಿಯ ಆರೈಕೆ, ಕೂಸಿಗೆ ಲಸಿಕೆ, ಎರಡು ಹೆರಿಗೆಗಳ ನಡುವಣ ಅಂತರ, ಇವೇ ನಮ್ಮ ನೆನಪಿಗೆ ಬರುತ್ತವೆ. ಅವೆಲ್ಲವೂ ಅವಶ್ಯವೇ. ಆದರೆ ಈ ದಿನ ನಾನು ತಮ್ಮ ಮುಂದೆ ಹೇಳಬಯಸುವ ವಿಷಯವು ಕದ ಮುಚ್ಚಿಕೊಂಡು ಪಿಸುಮಾತಿನಲ್ಲಿ ಆಡುವಂಥದು. ಮನೆಯ ಯಜಮಾನನಿಗೋ ಗೃಹಿಣಿಗೋ ಚಿತ್ತಸ್ವಾಸ್ಥ್ಯ ಕೆಟ್ಟು, ಅದರ ಜೊತೆಯಲ್ಲಿ ಹೊಡೆತ ಬಡಿತಗಳೂ ಮನೆಯೊಳಕ್ಕೆ ಬಂದಾಗ, ಆ ಸಂಸಾರವು ಏನು ಮಾಡತಕ್ಕದ್ದು ಎಂಬುದೇ ಆ ವಿಷಯ. ಇದನ್ನು ಗಂಡ ಹೆಂಡಿರಿಬ್ಬರೂ ಒಟ್ಟಿಗೆ ಕೇಳಬೇಕೆಂಬುದು ನನ್ನ ಅಪೇಕ್ಷೆ. ಒಬ್ಬರೇ ಕೇಳಿ ಮನೆಗೆ ಹೋಗಿ ಹೇಳಿದರೆ ಅದು ದೂರಾಗುತ್ತದೆ. ಇಬ್ಬರೂ ಕೇಳಿದರೆ ತಿಳಿವಳಿಕೆಯಾಗುತ್ತದೆ.

ಮಾನಸಿಕ ಕಾಯಿಲೆಗಳಲ್ಲಿ ಉನ್ಮಾದ–ಖಿನ್ನತೆಯ ಕಾಯಿಲೆ ಎಂಬುದೊಂದು ಉಂಟು. ವೈದ್ಯರು ಇದನ್ನು ಬೈಪೋಲಾರ್ ಎಂದೂ ದ್ವಿಧ್ರುವ ವ್ಯಾಧಿ ಎಂದೂ ಕರೆಯುತ್ತಾರೆ. ಹೆಸರು ಯಾವುದಾದರೂ ಇರಲಿ. ಮನುಷ್ಯನ ಮನಸ್ಸು ಕೆಲವು ವಾರ ಮಿತಿಮೀರಿ ಏರುವುದು, ಮತ್ತೆ ಕೆಲವು ವಾರ ಅಥವಾ ತಿಂಗಳು ತಳ ಕಾಣದಂತೆ ಇಳಿಯುವುದು, ಇವೆರಡರ ನಡುವೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ, ಎಲ್ಲರಂತೆಯೇ ನೆಟ್ಟಗಿರುವುದು ಇದರ ಸ್ವರೂಪ. ನಡುವಣ ಈ ನೆಟ್ಟಗಿರುವ ಕಾಲವನ್ನು ತಾವು ಮರೆಯಬಾರದು. ಊರಿನವರು ರೋಗಿಯನ್ನು ಅವನ ಕೆಟ್ಟ ಹದಿನೈದು ದಿನಗಳಿಂದ ಅಳೆಯುತ್ತಾರೆ. ಹೆಂಡತಿಯಾದರೋ ಅವನೊಡನೆ ಕಳೆದ ಹದಿನೈದು ವರ್ಷಗಳನ್ನು ಬಲ್ಲಳು.

ಏರುವ ಕಾಲದಲ್ಲಿ ನಿದ್ರೆ ಹೋಗುತ್ತದೆ. ರಾತ್ರಿ ಎರಡು ಗಂಟೆ ಮಲಗಿದರೂ ದಣಿವಿಲ್ಲ. ಮಾತು ಮಳೆಯಂತೆ ಸುರಿಯುತ್ತದೆ, ಒಂದು ಮುಗಿಯುವ ಮುನ್ನ ಇನ್ನೊಂದು. ಕೈಯಲ್ಲಿ ಕಾಸಿಲ್ಲದಿದ್ದರೂ ಲಕ್ಷದ ಯೋಜನೆ. ತಾನು ಊರನ್ನೇ ಉದ್ಧರಿಸುವವನು, ತನ್ನ ಮೈಮೇಲೆ ದೇವರು ಬಂದಿದೆ, ಮಂತ್ರಿಗಳು ತನ್ನ ಮಾತು ಕೇಳುತ್ತಾರೆ ಎಂಬ ನಂಬಿಕೆ. ಕಂಡವರಿಗೆ ದಾನ, ಬೇಡವಾದದ್ದನ್ನು ಕೊಳ್ಳುವುದು, ಎಂದೂ ಇಲ್ಲದ ಕಾಮಾತುರ, ಎದುರು ಮಾತಾಡಿದವರ ಮೇಲೆ ಬೆಂಕಿಯಂಥ ಕೋಪ. ಇಳಿಯುವ ಕಾಲದಲ್ಲಿ ಇದೆಲ್ಲವೂ ತಲೆಕೆಳಗು. ಎದ್ದು ಮುಖ ತೊಳೆಯಲಾರದಷ್ಟು ಭಾರ, ಊಟ ಬೇಡ, ಮಾತು ಬೇಡ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ತಾನು ಪಾಪಿ, ತಾನಿರುವುದೇ ಮನೆಗೆ ಹೊರೆ ಎಂಬ ಕೊರಗು.

ಇದು ಗಾಳಿ ಸೋಕಿದ್ದಲ್ಲ, ಯಾರೂ ಮಾಡಿಸಿದ ಮಾಟವಲ್ಲ, ಹೆಂಡತಿಯ ಕಾಲ್ಗುಣವಂತೂ ಅಲ್ಲವೇ ಅಲ್ಲ. ಮಿದುಳಿನ ಕೆಲಸದಲ್ಲಾಗುವ ವ್ಯತ್ಯಾಸ. ರಕ್ತಸಂಬಂಧದಲ್ಲಿ ಇದು ಹರಿದುಬರುವುದುಂಟು. ಆದಾಗ್ಯೂ ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಮಕ್ಕಳಲ್ಲಿ 100ಕ್ಕೆ ಸುಮಾರು 90 ಮಂದಿಗೆ ಅದು ಬಾರದೆಯೇ ಹೋಗುತ್ತದೆ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ವಯಸ್ಕರಲ್ಲಿ 200 ಮಂದಿಗೆ ಒಬ್ಬರಂತೆ ಜೀವಮಾನದಲ್ಲಿ ಎಂದಾದರೂ ಈ ಕಾಯಿಲೆ ಬಂದಿರುತ್ತದೆ. ಹಾಗೆ ಬಂದವರಲ್ಲಿ 100ಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಈ ಎರಡನೆಯ ಅಂಕಿಯೇ ನನ್ನನ್ನು ಇಲ್ಲಿ ನಿಲ್ಲಿಸಿ ಮಾತಾಡಿಸುತ್ತಿದೆ.

ಇದಕ್ಕೆ ನನ್ನದೇ ಒಂದು ತಪ್ಪೂ ಕಾರಣ. ಅದನ್ನು ಹೇಳಿಬಿಡುತ್ತೇನೆ.

25 ವರ್ಷಗಳಿಗೂ ಹಿಂದೆ, ನಾನು ಸೇವೆಗೆ ಹೊಸಬನಾಗಿದ್ದಾಗ, ಒಬ್ಬ ರೈತಮಹಿಳೆ ಆಸ್ಪತ್ರೆಗೆ ಬಂದಳು. ಸಾಲಿನಲ್ಲಿ ನಲವತ್ತು ಮಂದಿ. "ಸ್ವಾಮಿ, ನಮ್ಮ ಯಜಮಾನರು ನಾಕು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ನಡುರಾತ್ರೀಲಿ ಹೊಲಕ್ಕೆ ಹೋಗ್ತಾರೆ. ಮಾತು ನಿಲ್ಲಿಸೋದೇ ಇಲ್ಲ" ಎಂದಳು. ಕುಡಿಯುತ್ತಾನೆಯೇ ಎಂದು ಕೇಳಿದೆ. ಈಗೊಂದು ವಾರದಿಂದ ಶುರುವಾಗಿದೆ ಎಂದಳು. ಹಾಗಾದರೆ ಅದರದೇ ಪ್ರಭಾವ ಎಂದು ತೀರ್ಮಾನಿಸಿ, ರೋಗಿಯನ್ನು ನೋಡದೆ, ಆಕೆಯ ಕೈಗೆ ಬಿ-ಕಾಂಪ್ಲೆಕ್ಸ್ ಗುಳಿಗೆಗಳನ್ನು ಕೊಟ್ಟು ಕಳುಹಿಸಿದೆ. ಮೂರು ದಿನದ ತರುವಾಯ ಆಕೆ ಪುನಃ ಬಂದಳು. ಅವನು ಊರಿಗೆ ಗುಡಿ ಕಟ್ಟಿಸುತ್ತೇನೆಂದು ಎರಡು ಲೋಡು ಇಟ್ಟಿಗೆ ತರಿಸಿದ್ದನಂತೆ. ನಾನು ಆಗಲೂ ನಕ್ಕು, "ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದಾನಲ್ಲಮ್ಮ" ಎಂದೆ. ಆ ನಗೆ ಈಗಲೂ ನನ್ನ ಕಿವಿಯಲ್ಲಿ ಉಂಟು.

ಮುಂದಿನ ಸಂತೆಯ ದಿನ ಅವನು ಜೋಡಿ ಎತ್ತುಗಳನ್ನು ಅರ್ಧ ಬೆಲೆಗೆ ಮಾರಲು ಹೊರಟಿದ್ದಾನೆ. ಆಕೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎತ್ತಿನ ಹಗ್ಗ ಹಿಡಿದುಕೊಂಡಿದ್ದಾಳೆ. ಹನ್ನೆರಡು ವರ್ಷದ ದಾಂಪತ್ಯದಲ್ಲಿ ಅವನು ಆಕೆಯ ಮೇಲೆ ಒಮ್ಮೆಯೂ ಕೈಯೆತ್ತಿದವನಲ್ಲ. ಅಂದು ಬಾರುಕೋಲನ್ನು ತಿರುಗಿಸಿ ಹಿಡಿದು ಹೊಡೆದ. ಮುಂಗೈ ಮೂಳೆ ಮುರಿಯಿತು. ಊರಿನವರು ಸೇರಿ ಅವನನ್ನು ಪಡಸಾಲೆಯ ಕಂಬಕ್ಕೆ ಸರಪಳಿಯಿಂದ ಬಿಗಿದರು. ಮುರಿದ ಕೈಯನ್ನು ಸೆರಗಿನಲ್ಲಿ ಜೋತುಹಾಕಿಕೊಂಡು ಆಕೆ ಮೂರನೆಯ ಸಲ ಆಸ್ಪತ್ರೆಗೆ ಬಂದಾಗ ನಾನು ಆಕೆಯೊಡನೆ ಊರಿಗೆ ಹೋದೆ. ಆ ವೇಳೆಗೆ ಅವನು ಕಂಬದಲ್ಲಿ ಮೂರು ದಿನ ಕಳೆದಿದ್ದ. ಮಣಿಕಟ್ಟುಗಳಲ್ಲಿ ಚರ್ಮ ಸುಲಿದು ಕೀವಾಗಿತ್ತು. ನನ್ನನ್ನು ಕಂಡೊಡನೆ, "ಡಾಕ್ಟ್ರೇ, ಗುಡಿ ಪೂಜೆಗೆ ನೀವು ಬರಲೇಬೇಕು" ಎಂದು ಕರೆದ.

ಈ ಹೊಡೆತ ಎಲ್ಲಿಂದ ಬಂತು ಎಂಬುದನ್ನು ತಾವು ಸ್ವಲ್ಪ ಯೋಚಿಸಬೇಕು. ಅವನಿಗೆ ಹೆಂಡತಿಯ ಮೇಲೆ ದ್ವೇಷವಿರಲಿಲ್ಲ. ಉನ್ಮಾದದಲ್ಲಿರುವವನಿಗೆ ತನ್ನ ಯೋಜನೆಯು ಸೂರ್ಯನಷ್ಟು ಸ್ಪಷ್ಟ. ಅದಕ್ಕೆ ಅಡ್ಡ ನಿಂತವರು ಮೂರ್ಖರಂತೆ, ಶತ್ರುಗಳಂತೆ ಕಾಣುತ್ತಾರೆ. ನಾಲ್ಕಾರು ರಾತ್ರಿಯ ನಿದ್ರಾಭಂಗವು ಸಹನೆಯನ್ನು ಸುಟ್ಟಿರುತ್ತದೆ. ಅನುಮಾನ ಹುಟ್ಟಿದರಂತೂ, ಹೆಂಡತಿ ಪರಪುರುಷನ ಮಾತು ಕೇಳುತ್ತಿದ್ದಾಳೆ, ಅನ್ನದಲ್ಲಿ ಏನೋ ಬೆರೆಸಿದ್ದಾಳೆ ಎಂಬ ಭ್ರಮೆಯು ಅಪಾಯವನ್ನು ಬಹಳ ಹೆಚ್ಚಿಸುತ್ತದೆ. ಇಂಥ ಹೊಡೆತವು ಬಹುಪಾಲು ಹೊರಗಿನವರ ಮೇಲೆ ಬೀಳುವುದಿಲ್ಲ. ತಡೆಯಲು ಹೋದವರ ಮೇಲೆ ಬೀಳುತ್ತದೆ. ತಡೆಯಲು ಹೋಗುವವರು ಮನೆಯವರಲ್ಲದೆ ಮತ್ತಾರು?

ಹಾಗಾದರೆ ಈ ಕಾಯಿಲೆಯವರೆಲ್ಲರೂ ಹೊಡೆಯುವವರೇ? ಖಂಡಿತ ಅಲ್ಲ. ಸ್ವೀಡನ್ ದೇಶದಲ್ಲಿ ಈ ಕಾಯಿಲೆಯ 3,743 ಮಂದಿಯನ್ನು ಸಾಮಾನ್ಯ ಜನರೊಡನೆ ಹೋಲಿಸಿ ನೋಡಿದ ಒಂದು ದೊಡ್ಡ ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ಕಾಯಿಲೆಯವರಲ್ಲಿ 100ಕ್ಕೆ 8.4 ಮಂದಿ ಹಿಂಸೆಯ ಅಪರಾಧ ಮಾಡಿದ್ದರು. ಸಾಮಾನ್ಯ ಜನರಲ್ಲಿ 3.5 ಮಂದಿ. ಅಂದರೆ ಕಾಯಿಲೆಯವರಲ್ಲಿ 90ಕ್ಕೂ ಹೆಚ್ಚು ಮಂದಿ ಅಂಥದೇನನ್ನೂ ಮಾಡಿರಲಿಲ್ಲ. ಮುಖ್ಯ ಮಾತು ಇನ್ನು ಮುಂದಿದೆ. ಕಾಯಿಲೆಯ ಜೊತೆಗೆ ಕುಡಿತ ಅಥವಾ ಬೇರೆ ಮಾದಕ ಪದಾರ್ಥಗಳ ಚಟ ಇದ್ದವರನ್ನು ಬೇರ್ಪಡಿಸಿ ನೋಡಿದಾಗ, ಅಪಾಯದ ಬಹುಪಾಲು ಅವರ ಗುಂಪಿನೊಡನೆಯೇ ಹೊರಟುಹೋಯಿತು. ಚಟವಿಲ್ಲದ ರೋಗಿಗಳಿಗೂ ಸಾಮಾನ್ಯ ಜನರಿಗೂ ಉಳಿದ ಅಂತರ ತೀರ ಅಲ್ಪ. ಅವರವರ ಒಡಹುಟ್ಟಿದವರೊಡನೆ ಹೋಲಿಸಿದಾಗ ಅದೂ ಇನ್ನಷ್ಟು ಕುಗ್ಗಿತು. ಇವು ನ್ಯಾಯಾಲಯದವರೆಗೆ ಹೋದ ಅಪರಾಧಗಳ ಲೆಕ್ಕ, ಮನೆಯೊಳಗಿನ ಎಷ್ಟೋ ಹೊಡೆತಗಳು ಅಲ್ಲಿಗೆ ತಲುಪುವುದೇ ಇಲ್ಲ ಎಂಬುದನ್ನೂ ನಾನು ಬಲ್ಲೆ. ಆದರೂ ಅದು ತೋರಿಸುವ ದಿಕ್ಕು ನಾನು ಆಸ್ಪತ್ರೆಯಲ್ಲಿ ಕಂಡದ್ದಕ್ಕೆ ಹೊಂದುತ್ತದೆ. ನಾನು ಹೇಳಿದ ರೈತನ ಕೈಯಲ್ಲೂ ಆ ವಾರ ಬಾಟಲಿ ಇತ್ತು. ನಮ್ಮ ರಾಜ್ಯದಲ್ಲಿ ಸಾರಾಯಿ ಮಾರಾಟ 2007ರ ಜುಲೈಯಲ್ಲಿ ನಿಂತಿತು. ಕುಡಿತ ನಿಲ್ಲಲಿಲ್ಲ, ಅದು ಬೇರೆ ಪೊಟ್ಟಣದಲ್ಲಿ ಬಂತು ಅಷ್ಟೇ. ಈ ಕಾಯಿಲೆಯುಳ್ಳವರು ಕುಡಿಯಬಾರದು, ಗಾಂಜಾ ಮುಟ್ಟಬಾರದು. ಹಬ್ಬಕ್ಕೆ ಒಂದು ದಿನ ಎಂಬ ವಿನಾಯಿತಿಯೂ ಇಲ್ಲ.

ಇಲ್ಲಿ ತಾಯಂದಿರು ಒಂದು ಮಾತನ್ನು ಗಮನವಿಟ್ಟು ಕೇಳಬೇಕು. ಗಂಡಸರೂ ಕೇಳಲಿ, ನಾನು ಹೇಳುವುದು ಅವರಿಗೇ ಹೆಚ್ಚು. ಹೆಂಡತಿಯನ್ನು ಹೊಡೆಯುವುದು ಸಾಮಾನ್ಯವಾಗಿ ಕಾಯಿಲೆಯ ಲಕ್ಷಣವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರ ಪೈಕಿ 100ಕ್ಕೆ 44 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿರುವುದಾಗಿ ತಿಳಿಸಿದ್ದಾರೆ. ಈ ಕಾಯಿಲೆಯಾದರೋ 200ಕ್ಕೆ ಒಬ್ಬರಿಗೆ. ಲೆಕ್ಕ ತಾವೇ ಹಾಕಿಕೊಳ್ಳಿ. ನೂರು ಮನೆಗಳಲ್ಲಿ ನಲವತ್ತನಾಲ್ಕು ಮನೆಗಳ ಹೊಡೆತವನ್ನು ಅರ್ಧ ಮನೆಯ ಕಾಯಿಲೆಯ ತಲೆಗೆ ಕಟ್ಟಲಾದೀತೆ?

ವ್ಯತ್ಯಾಸವನ್ನು ತಿಳಿಯುವ ಬಗೆ ಉಂಟು. ಊರಿನ ಸಾಹುಕಾರನೆದುರು ವಿನಯದಿಂದ ನಿಂತು, ಮನೆಗೆ ಬಂದು ಕದ ಹಾಕಿಕೊಂಡು ಹೆಂಡತಿಯೊಬ್ಬಳನ್ನೇ ಹೊಡೆಯುವವನಿಗೆ ಇರುವುದು ಉನ್ಮಾದವಲ್ಲ. ಉನ್ಮಾದಕ್ಕೆ ಸಾಹುಕಾರನೂ ಒಂದೇ, ಪೊಲೀಸಿನವನೂ ಒಂದೇ. ಅದು ಬರುವಾಗ ನಿದ್ರೆ, ಮಾತು, ಖರ್ಚು, ನಡೆ ಎಲ್ಲವೂ ಒಟ್ಟಿಗೇ ಬದಲಾಗುತ್ತವೆ. ಹೋದಾಗ ಹೊಡೆತವೂ ಹೋಗುತ್ತದೆ. ವರ್ಷವಿಡೀ ಹೊಡೆಯುವವನು ತನಗೆ ಮನಸ್ಸಿನ ಕಾಯಿಲೆ ಎಂದು ನೆಪ ಹೇಳಿದರೆ ಅದು ನಿಜವಾದ ರೋಗಿಗಳಿಗೆ ಮಾಡುವ ಅಪಚಾರ. ಅಂಥಲ್ಲಿ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಇದೆ, 181 ಸಂಖ್ಯೆಯ ಮಹಿಳಾ ಸಹಾಯವಾಣಿ ಇದೆ. ಕಾಯಿಲೆಯೇ ಇದ್ದರೂ ಹೊಡೆತ ತಿನ್ನುತ್ತಾ ಕೂರುವುದು ಪತಿಸೇವೆಯಲ್ಲ. ಆ ರೈತಮಹಿಳೆಯು ಮಕ್ಕಳನ್ನು ಕರೆದುಕೊಂಡು ನಲವತ್ತು ದಿನ ತವರಿನಲ್ಲಿದ್ದಳು. ಗಂಡನನ್ನು ಬಿಟ್ಟುಹೋದಳೆಂದು ಊರಿನವರು ಆಡಿಕೊಂಡರು. ಹೋಗೆಂದು ಹೇಳಿದವನು ನಾನೇ. ಈಗಲೂ ಅದನ್ನೇ ಹೇಳುತ್ತೇನೆ.

ಉನ್ಮಾದವು ಏರಿದ ಗಳಿಗೆಯಲ್ಲಿ ಏನು ಮಾಡಬೇಕು? ವಾದ ಮಾಡಬೇಡಿ. "ನಿನಗೆ ತಲೆಕೆಟ್ಟಿದೆ" ಎನ್ನುವುದರಿಂದ ಯಾರ ತಲೆಯೂ ಸರಿಹೋಗಿಲ್ಲ. ಅವನ ಗುಡಿಯನ್ನು ಹೌದೆನ್ನಲೂ ಬೇಡ, ಅಲ್ಲವೆನ್ನಲೂ ಬೇಡ; "ಆ ಮಾತು ಇರಲಿ, ಮೊದಲು ನೀರು ಕುಡಿಯಿರಿ" ಎಂಬಷ್ಟು ಸಾಕು. ಒಬ್ಬರೇ ಮಾತಾಡಬೇಕು, ತಗ್ಗಿದ ದನಿಯಲ್ಲಿ. ಹತ್ತು ಮಂದಿ ಸುತ್ತುವರಿದು ಕೂಗಿದರೆ ಸಾಧುಪ್ರಾಣಿಯೂ ಹಾಯುತ್ತದೆ. ತಾವು ಬಾಗಿಲ ಕಡೆಗೆ ಇರಬೇಕು, ಅವನು ಬಾಗಿಲಿಗೆ ಅಡ್ಡವಾಗಿ ನಿಲ್ಲುವಂತೆ ಆಗಬಾರದು. ಅವನನ್ನು ಮೂಲೆಗೆ ಒತ್ತಲೂಬಾರದು. ಎತ್ತಿನ ಹಗ್ಗ ಹಿಡಿದು ನಿಲ್ಲುವುದು ಬೇಡ. ಎತ್ತು ಹೋದರೆ ಪಂಚಾಯಿತಿ ಸೇರಿಸಿ ಮರಳಿ ತರಬಹುದು. ಮಚ್ಚು, ಕುಡುಗೋಲು, ಕೊಡಲಿ, ಬೆಳೆಗೆ ಸಿಂಪಡಿಸುವ ಔಷಧ, ಇವೆಲ್ಲವೂ ಮೊದಲ ಲಕ್ಷಣ ಕಂಡ ದಿನವೇ ನೆರೆಮನೆಗೆ ಹೋಗಿರಬೇಕು. ಮಕ್ಕಳನ್ನು ಆ ರಾತ್ರಿ ಬೇರೆ ಕಡೆ ಮಲಗಿಸಿ. ಅವನು ಗೌರವಿಸುವ ಒಬ್ಬ ಹಿರಿಯರು, ಸೋದರಮಾವನೋ ಶಾಲೆಯ ಮೇಷ್ಟರೋ, ಇದ್ದರೆ ಕರೆಸಿ. ಕೈಮೀರಿದರೆ 112ಕ್ಕೆ ಫೋನು ಮಾಡಿ, ಆಂಬ್ಯುಲೆನ್ಸಿಗೆ 108. ಪೊಲೀಸರೆಂದರೆ ಜೈಲು ಎಂದು ಹೆದರಬೇಕಾಗಿಲ್ಲ. ಮಾನಸಿಕ ಕಾಯಿಲೆಯಿಂದ ತನಗೋ ಪರರಿಗೋ ಅಪಾಯ ಮಾಡಬಹುದಾದವನನ್ನು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗಾಗಿ ಸರ್ಕಾರಿ ಆಸ್ಪತ್ರೆಗೆ ತಲುಪಿಸತಕ್ಕದ್ದೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಅವರಿಗೆ ವಿಧಿಸಿದೆ. ಅವನನ್ನು ಲಾಕಪ್ಪಿನಲ್ಲಿ ಇಡುವಂತೆಯೂ ಇಲ್ಲ. ತುರ್ತು ಸಂದರ್ಭದಲ್ಲಿ ಯಾವ ನೋಂದಾಯಿತ ವೈದ್ಯನೇ ಆಗಲಿ 72 ಗಂಟೆಗಳವರೆಗೆ ಚಿಕಿತ್ಸೆ ನೀಡಲು ಅದೇ ಕಾಯ್ದೆಯಲ್ಲಿ ಅವಕಾಶ ಉಂಟು. "ಮನೋರೋಗ ನಮ್ಮ ಕೆಲಸವಲ್ಲ" ಎಂದು ನಮ್ಮಂಥವರು ಯಾರಾದರೂ ತಮ್ಮನ್ನು ಹಿಂದಕ್ಕೆ ಕಳುಹಿಸಿದರೆ ಈ ಮಾತನ್ನು ನೆನಪಿಸಿ.

ಸರಪಳಿಯ ವಿಷಯ. ಊರಿನವರು ದುಷ್ಟರಾಗಿದ್ದುದರಿಂದ ಅವನನ್ನು ಕಟ್ಟಿಹಾಕಲಿಲ್ಲ. ಬೇರೆ ದಾರಿ ತೋರದೆ ಕಟ್ಟಿದರು. ಆದರೆ ಕಟ್ಟಿದ ಮೇಲೆ ಎಲ್ಲರಿಗೂ ಒಂದು ಸಮಾಧಾನ ಬಂದುಬಿಡುತ್ತದೆ, ಆಸ್ಪತ್ರೆಯ ಮಾತು ನಾಳೆಗೆ ಹೋಗುತ್ತದೆ, ಆ ನಾಳೆ ಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಒಂದು ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾರದೆ ಹೋದರು. 28 ಮಂದಿ ಸತ್ತರು. ಅವರನ್ನು ಅಲ್ಲಿಗೆ ಕರೆತಂದು ಬಿಟ್ಟವರು, ಗುಣವಾಗಲೆಂಬ ಆಸೆಯಿಂದ ಬಂದಿದ್ದ ಅವರವರ ಮನೆಯವರು. ಇಂದು ಮಾನಸಿಕ ರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿ ಬಂಧಿಸುವುದನ್ನು 2017ರ ಕಾಯ್ದೆಯ 95ನೆಯ ಪ್ರಕರಣವು ನಿಷೇಧಿಸಿದೆ. ಅದೇ ಪ್ರಕರಣವು, ಮಾನಸಿಕ ಕಾಯಿಲೆಗೆ ಚಿಕಿತ್ಸೆಯೆಂದು ಹೆಣ್ಣಿಗಾಗಲಿ ಗಂಡಿಗಾಗಲಿ ಸಂತಾನಹರಣ ಶಸ್ತ್ರಕ್ರಿಯೆ ಮಾಡುವುದನ್ನೂ ನಿಷೇಧಿಸಿದೆ. ಕುಟುಂಬ ಯೋಜನೆಯ ಸಭೆಯಲ್ಲಿ ನಿಂತು ಈ ಮಾತನ್ನು ಹೇಳುವುದು ನನ್ನ ಕರ್ತವ್ಯ.

ಇನ್ನು ಔಷಧ. 1948ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್ ಬಳಿಯ ಒಂದು ಆಸ್ಪತ್ರೆಯಲ್ಲಿ ಜಾನ್ ಕೇಡ್ ಎಂಬ ವೈದ್ಯರು, ಐದು ವರ್ಷಗಳಿಂದ ಉನ್ಮಾದ ಇಳಿಯದೆ ಸಿಕ್ಕಿದ್ದನ್ನೆಲ್ಲ ಹಾಳುಮಾಡುತ್ತಿದ್ದ 51 ವರ್ಷದ ಒಬ್ಬ ರೋಗಿಗೆ ಲಿಥಿಯಂ ಎಂಬ ಲವಣವನ್ನು ಕೊಟ್ಟು ನೋಡಿದರು. ಕೆಲವೇ ವಾರಗಳಲ್ಲಿ ಅವನು ಶಾಂತನಾದ. ಕೆಲವು ತಿಂಗಳಲ್ಲಿ ಮನೆಗೆ ಹೋಗಿ ತನ್ನ ಹಳೆಯ ಕೆಲಸಕ್ಕೆ ಸೇರಿದ. ಬಳಿಕ ಗುಣವಾಯಿತೆಂದು ಔಷಧ ಬಿಟ್ಟ, ಕಾಯಿಲೆ ಮರಳಿತು. ಮತ್ತೆ ಆರಂಭಿಸಿದರು. 1950ರಲ್ಲಿ ಅದೇ ಲಿಥಿಯಂ ಮೈಯಲ್ಲಿ ಮಿತಿಮೀರಿ ವಿಷವಾಗಿ ಆ ರೋಗಿ ತೀರಿಕೊಂಡ. ಆ ಕಾಲಕ್ಕೆ ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆಯುವ ರೂಢಿ ಬಂದಿರಲಿಲ್ಲ. ಈ ಔಷಧದ ಗುಣದೋಷಗಳೆಲ್ಲವೂ ಆ ಒಬ್ಬ ಮನುಷ್ಯನ ಕಥೆಯಲ್ಲಿಯೇ ಉಂಟು. ಈಗ ಅಳೆಯುವ ಪರೀಕ್ಷೆ ಇದೆ. ಆದುದರಿಂದಲೇ ರಕ್ತ ಕೊಡಲು ಕರೆದಾಗ ಬೇಸರಿಸಬಾರದು.

ಲಿಥಿಯಂ ಸೇವಿಸುವವರು ಚೆನ್ನಾಗಿ ನೀರು ಕುಡಿಯಬೇಕು, ಉಪ್ಪನ್ನು ಒಮ್ಮೆಗೇ ಬಿಡಬಾರದು. ಬೇಸಿಗೆಯಲ್ಲಿ ಇಡೀ ದಿನ ಬಿಸಿಲಿನಲ್ಲಿ ದುಡಿದು ಬೆವರಿದಾಗ, ವಾಂತಿ ಭೇದಿಯಾದಾಗ, ನಿರ್ಜಲ ಉಪವಾಸ ಮಾಡಿದಾಗ ಔಷಧದ ಪ್ರಮಾಣ ರಕ್ತದಲ್ಲಿ ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಗುಳಿಗೆಗಳಿಂದಲೂ ಏರುತ್ತದೆ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ವಾಂತಿ ಭೇದಿ ಕಂಡರೆ ಗುಳಿಗೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಬನ್ನಿ. ಕುಡಿದಿದ್ದಾನೆಂದು ಭಾವಿಸಿ ಮೂಲೆಯಲ್ಲಿ ಮಲಗಿಸಬೇಡಿ. ಲಿಥಿಯಂ ಒಗ್ಗದವರಿಗೆ ಬೇರೆ ಔಷಧಗಳೂ ಇವೆ. ಔಷಧದಿಂದ ಹೊಡೆತ ಕಡಿಮೆಯಾಗುತ್ತದೆಯೇ ಎಂದು ಕೇಳುವವರಿಗೆ, ಸ್ವೀಡನ್ನಿನದೇ 2014ರ ಇನ್ನೊಂದು ಅಧ್ಯಯನದಲ್ಲಿ ಉತ್ತರವಿದೆ. ಈ ಕಾಯಿಲೆಯವರು ಚಿತ್ತವನ್ನು ಸ್ಥಿರಗೊಳಿಸುವ ಔಷಧ ಸೇವಿಸುತ್ತಿದ್ದ ಅವಧಿಯಲ್ಲಿ, ಸೇವಿಸದ ಅವಧಿಗಿಂತ, ಹಿಂಸೆಯ ಅಪರಾಧಗಳು ಸುಮಾರು ಕಾಲುಭಾಗದಷ್ಟು ಕಡಿಮೆ ಇದ್ದವು.

ಹೆರಿಗೆಯ ಮಾತು ಈ ಸಭೆಯಲ್ಲಿ ಬರಲೇಬೇಕು. ಈ ಕಾಯಿಲೆ ಇರುವ ಸ್ತ್ರೀಯರಲ್ಲಿ ಸುಮಾರು ಮೂವರಿಗೆ ಒಬ್ಬರಂತೆ ಹೆರಿಗೆಯಾದ ಮೇಲೆ ಅದು ಮರುಕಳಿಸುತ್ತದೆ. ಹಿಂದೆ ಯಾವ ಕಾಯಿಲೆಯೂ ಇಲ್ಲದವರಲ್ಲೂ ಸಾವಿರ ಹೆರಿಗೆಗೆ ಒಂದೆರಡರಂತೆ ಬಾಣಂತಿಗೆ ತೀವ್ರವಾದ ಚಿತ್ತಭ್ರಮೆ ಬರುವುದುಂಟು, ಅದೂ ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲಿ. ಕೂಸು ಮಲಗಿದ್ದರೂ ಬಾಣಂತಿ ಮಲಗಳು, ಏನೇನೋ ಮಾತಾಡುವಳು, ಕೂಸು ತನ್ನದಲ್ಲ ಎನ್ನುವಳು, ಕೂಸಿಗೆ ಯಾರೋ ಕೇಡು ಮಾಡುತ್ತಾರೆ ಎನ್ನುವಳು. ಇದನ್ನು ಬಾಣಂತಿ ಸನ್ನಿ ಎಂದು ನಮ್ಮ ಹಿರಿಯರೂ ಗುರುತಿಸಿದ್ದರು. ಧೂಪ ಹಾಕಿ ಕಾಯುವ ಕಾಯಿಲೆ ಇದಲ್ಲ. ಅದೇ ದಿನ ಆಸ್ಪತ್ರೆಗೆ ಬರಬೇಕು. ತಾಯಿಯನ್ನೂ ಕೂಸನ್ನೂ ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದು. ತಾಯಿ ಮಗು ಇಬ್ಬರೂ ಬಾವಿಯ ಪಾಲಾದರೆಂಬ ಸುದ್ದಿಯನ್ನು ತಾವು ಕೇಳಿದ್ದೀರಿ. ಅತ್ತೆಯ ಕಾಟವೋ ಗಂಡನ ಕಾಟವೋ ಎಂದು ಊರು ತರ್ಕಿಸುತ್ತದೆ, ಅದೂ ಇರಬಹುದು. ಆದರೆ ಅಂಥ ಕೆಲವು ಮನೆಗಳಲ್ಲಿ ಆ ತಾಯಿ ಹಲವು ರಾತ್ರಿಗಳಿಂದ ಮಲಗಿರಲಿಲ್ಲ, ಅದನ್ನು ಯಾರೂ ಎಣಿಸಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವೇ ಇದೆ.

ಗರ್ಭ ನಿಲ್ಲುವ ಮೊದಲೇ ವೈದ್ಯರೊಡನೆ ಮಾತಾಡಿರಿ. ವಾಲ್‌ಪ್ರೊಯೇಟ್ ಎಂಬ ಗುಳಿಗೆಯು ಗರ್ಭದ ಶಿಶುವಿನ ಬೆನ್ನುಹುರಿಗೂ ಬುದ್ಧಿಯ ಬೆಳವಣಿಗೆಗೂ ಹಾನಿಮಾಡಬಲ್ಲುದು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಅದನ್ನು ಆದಷ್ಟು ತಪ್ಪಿಸಬೇಕು. ಕಾರ್ಬಮಾಜೆಪೀನ್ ಸೇವಿಸುವವರಿಗೆ ಮಾಲಾ-ಎನ್‌ನಂಥ ಗರ್ಭನಿರೋಧಕ ಗುಳಿಗೆಗಳ ಬಲ ಕುಗ್ಗುತ್ತದೆ, ಆದ್ದರಿಂದ ವಂಕಿಯಂಥ ಬೇರೆ ವಿಧಾನ ಬೇಕು. ಆದರೆ ಗರ್ಭಿಣಿಯಾದೆನೆಂದು ತಾನಾಗಿಯೇ ಎಲ್ಲ ಗುಳಿಗೆಗಳನ್ನೂ ಒಮ್ಮೆಗೇ ಬಿಡುವುದು ಅದಕ್ಕಿಂತ ಅಪಾಯ.

ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಮಾತನ್ನು ನಾನು ಸೇವೆಗೆ ಸೇರಿದಂದಿನಿಂದ ಕೇಳುತ್ತಿದ್ದೇನೆ. ಸರಿಹೋದುದನ್ನು ಕಂಡಿಲ್ಲ. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದಾಗ ಗುಳಿಗೆಯನ್ನೂ ಮುಚ್ಚಿಟ್ಟು ನುಂಗಬೇಕಾಗುತ್ತದೆ. ಒಂದು ದಿನ ಅದೂ ನಿಲ್ಲುತ್ತದೆ. ಮದುವೆಯ ಗದ್ದಲದಲ್ಲಿ ನಿದ್ರೆಗೆಟ್ಟು ಕಾಯಿಲೆ ಮೇಲೆದ್ದ ಉದಾಹರಣೆಗಳೂ ಉಂಟು. ಹೇಳಿ ಮಾಡಿದ ಮದುವೆಗಳು ಚೆನ್ನಾಗಿ ನಡೆದಿರುವುದನ್ನು ಕಂಡಿದ್ದೇನೆ.

ಈಗ ಆ ದಂಪತಿಗಳ ಮಾತಿಗೆ ಮರಳುತ್ತೇನೆ. ಜೀಪು ಮಾಡಿಕೊಂಡು ಅವನನ್ನು ಬೆಂಗಳೂರಿಗೆ ಕರೆದೊಯ್ದರು. ಐದು ವಾರದಲ್ಲಿ ಇಳಿಯಿತು. ಊರಿಗೆ ಬಂದವನು ಹೆಂಡತಿಯ ಪಟ್ಟಿ ಕಟ್ಟಿದ ಕೈಯನ್ನು ಕಂಡ. ಅದು ತಾನೇ ಮುರಿದ ಕೈ ಎಂಬುದು ಅವನಿಗೆ ಅರ್ಧಂಬರ್ಧ ನೆನಪಿತ್ತು. ಅಲ್ಲಿಂದ ಅವನು ಕುಸಿಯತೊಡಗಿದ. ಜಗಲಿಯಲ್ಲಿ ಕುಳಿತವನು ಏಳುತ್ತಿರಲಿಲ್ಲ. ಊರಿನವರಿಗೆ ಅದು ಸಮಾಧಾನವೇ ಆಯಿತು, "ಈಗ ಸಾಧುವಾಗಿದ್ದಾನೆ" ಎಂದರು. ಜನರಿಗೆ ಉನ್ಮಾದವು ಭಯ, ಖಿನ್ನತೆಯು ನೆಮ್ಮದಿ! ಆದರೆ ಈ ಕಾಯಿಲೆಯವರು ಪರರನ್ನು ಕೊಲ್ಲುವುದು ತೀರ ಅಪರೂಪ. ತಮ್ಮನ್ನು ತಾವೇ ಕೊಂದುಕೊಳ್ಳುವುದು ಸಾಮಾನ್ಯ ಜನರಿಗಿಂತ ಅನೇಕ ಪಟ್ಟು ಹೆಚ್ಚು. ಒಂದು ಮಧ್ಯಾಹ್ನ ಅವನು ಅಟ್ಟದ ಏಣಿಯ ಬಳಿ ಎರಡು ಸಲ ಹೋಗಿ ನಿಂತದ್ದನ್ನು ಆಕೆ ಗಮನಿಸಿದಳು. ಅಟ್ಟದ ಮೇಲೆ ಹತ್ತಿಗೆ ಹೊಡೆಯುವ ಔಷಧವಿತ್ತು. ಆಕೆ ಕೂಗಾಡಲಿಲ್ಲ. ಮೈದುನನನ್ನು ಕರೆದು ಡಬ್ಬಿಯನ್ನು ಸಾಗಿಸಿ, ಗಂಡನ ಪಕ್ಕದಲ್ಲಿ ಕುಳಿತು, "ಸಾಯಬೇಕು ಅನ್ನಿಸ್ತಾ ಇದೆಯಾ?" ಎಂದು ನೇರವಾಗಿಯೇ ಕೇಳಿದಳು. ಹೌದೆಂದು ಅವನು ಅತ್ತ. ಕೇಳಿದರೆ ಆ ಯೋಚನೆ ಹುಟ್ಟೀತೆಂದು ಜನ ಹೆದರುತ್ತಾರೆ. ಹಾಗೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಕ್ಕೆ ಬರುತ್ತದೆ. ಮರುದಿನ ಬೆಳಿಗ್ಗೆ ಅವರಿಬ್ಬರೂ ನನ್ನೆದುರು ಇದ್ದರು. ಈ ಸಲ ನಾನು ಸಾಲನ್ನು ನಿಲ್ಲಿಸಿದೆ.

ಆ ಬಳಿಕ ಅವರಿಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ನಾನು ಬರೆದುಕೊಟ್ಟೆ, ಅವನು ಸಹಿ ಮಾಡಿದ. ಎರಡು ರಾತ್ರಿ ನಿದ್ರೆ ಬಾರದಿದ್ದರೆ ಮೂರನೆಯ ಬೆಳಿಗ್ಗೆ ಹೆಂಡತಿಯ ಜೊತೆ ಆಸ್ಪತ್ರೆಗೆ ಬರತಕ್ಕದ್ದು, "ನನಗೇನೂ ಆಗಿಲ್ಲ" ಎಂದು ತಾನೇ ಹೇಳಿದರೂ ಆಕೆ ಕೇಳಬಾರದು. ದನಕರು, ಜಮೀನು, ಒಡವೆಯ ವ್ಯವಹಾರ ಆಕೆಯ ಸಹಿಯಿಲ್ಲದೆ ನಡೆಯಕೂಡದು. ಬಾಟಲಿ ಮನೆಗೆ ಬರಕೂಡದು. ಕೈಯೆತ್ತಿದರೆ ಆಕೆ ಅದೇ ಗಳಿಗೆ ಮಕ್ಕಳೊಡನೆ ತವರಿಗೆ ಹೋಗತಕ್ಕದ್ದು, ಅದಕ್ಕೆ ಯಾರೂ ಆಕ್ಷೇಪಿಸಬಾರದು. ಅಂದು ಇದಕ್ಕೆ ಕಾನೂನಿನ ಬಲವಿರಲಿಲ್ಲ. ಇಂದು 2017ರ ಕಾಯ್ದೆಯಂತೆ, ನೆಟ್ಟಗಿರುವಾಗಲೇ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಬರಹದಲ್ಲಿ ಮುಂಗಡವಾಗಿ ತಿಳಿಸುವ ಹಕ್ಕು ಪ್ರತಿಯೊಬ್ಬ ವಯಸ್ಕನಿಗೂ ಇದೆ. ಎತ್ತು ಜಮೀನಿನ ಮಾತು ಆ ಬರಹದಲ್ಲಿ ಸೇರದು, ಅದು ಗಂಡ ಹೆಂಡಿರ ನಡುವಣ ಮಾತಾಗಿಯೇ ಉಳಿಯುತ್ತದೆ.

ಆಮೇಲೆ ಅವನಿಗೆ ಕಾಯಿಲೆ ಬರಲೇ ಇಲ್ಲವೇ? ಎರಡು ಸಲ ಬಂತು. ಒಮ್ಮೆ ಮಗಳ ಮದುವೆಯ ಓಡಾಟದಲ್ಲಿ, ಇನ್ನೊಮ್ಮೆ ಗುಣವಾಯಿತೆಂದು ತಾನಾಗಿ ಗುಳಿಗೆ ಬಿಟ್ಟಾಗ. ಎರಡು ಸಲವೂ ಆಕೆ ಮೂರನೆಯ ಬೆಳಿಗ್ಗೆಯೇ ಕರೆತಂದಳು. ಎರಡನೆಯ ಸಲ ದಾರಿಯುದ್ದಕ್ಕೂ ಬೈಯುತ್ತಲೇ ಬಂದ, ಆದರೆ ಬಂದ. ಯಾರ ಕೈಯೂ ಮುರಿಯಲಿಲ್ಲ. ಆ ಮೊದಲಿನ ಇಟ್ಟಿಗೆಗಳಿಂದ ಅವನು ಕೊಟ್ಟಿಗೆ ಕಟ್ಟಿಸಿಕೊಂಡಿದ್ದಾನೆ.

1985ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಗಳಿಗೆ ಹಳ್ಳಿಯ ಹತ್ತಿರದಲ್ಲಿಯೇ ಚಿಕಿತ್ಸೆ ನೀಡುವ ಪ್ರಯೋಗ ಆರಂಭವಾಯಿತು. ಅದೇ ಮುಂದೆ ದೇಶಕ್ಕೆಲ್ಲ ಮಾದರಿಯಾಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆದ್ದರಿಂದ ಬೆಂಗಳೂರಿಗೋ ಧಾರವಾಡಕ್ಕೋ ಹೋಗಲೇಬೇಕೆಂದೇನೂ ಇಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ದಿನವನ್ನು ಆಶಾ ಕಾರ್ಯಕರ್ತೆಯರಿಂದ ತಿಳಿದುಕೊಳ್ಳಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿಯೇ ಮಾತಾಡಬಹುದು, ಖರ್ಚಿಲ್ಲ.

ಈಗ ಕೇಳಬೇಕಾದದ್ದಿದ್ದರೆ ಕೇಳಬಹುದು. ಎಲ್ಲರೆದುರು ಕೇಳಲು ಸಂಕೋಚವಾದವರಿಗಾಗಿ ನಾನು ಸಂಜೆ ಐದರವರೆಗೆ ಒಳಗಿನ ಕೋಣೆಯಲ್ಲಿ ಇರುತ್ತೇನೆ. ತಾಯಂದಿರಲ್ಲಿ ಯಾರಾದರೂ ಒಬ್ಬರೇ ಬರಬೇಕೆಂದಿದ್ದರೆ, ಹಿಂಬಾಗಿಲ ಬಳಿ ನರ್ಸಮ್ಮನವರು ಕುಳಿತಿದ್ದಾರೆ. ಕೂಸಿನ ತೂಕ ನೋಡಿಸಲು ಬಂದೆವೆಂದು ಹೇಳಿದರೆ ಸಾಕು.